ಕಪ್ಪೆಯ ಬಣ್ಣ

ಬಣ್ಣ ಬದಲಾಯಿಸುವ ಪ್ರಾಣಿ ಯಾವುದೆಂದು ಕೇಳಿದರೆ ನಮ್ಮಲ್ಲಿ ಎಲ್ಲರೂ ಗೋಸುಂಬೆಯ ಹೆಸರನ್ನೇ ಹೇಳುತ್ತಾರೆ. ಮಾತಿಗೆ ತಪ್ಪುವ ಮನುಷ್ಯನನ್ನು ಬೈಯುವುದಕ್ಕೂ ಆ ಬಡಪ್ರಾಣಿಯೇ ಬೇಕು. ಕಪ್ಪೆಯ ಪಾಲಿಗೆ ಬಂದಿರುವ ಮಾತುಗಳು ಬೇರೆ. ಲೋಕ ಕಾಣದವನು ಬಾವಿಯೊಳಗಿನ ಕಪ್ಪೆ. ಒಟ್ಟಿಗೆ ನಿಲ್ಲದವರನ್ನು ಕೂಡಿಸಲು ಹೊರಟರೆ ಅದು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಆದರೆ ಬಣ್ಣ ಬದಲಾಯಿಸುವ ವಿದ್ಯೆಯಲ್ಲಿ ಕಪ್ಪೆಯೂ ನಿಪುಣನೇ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಗಮನಿಸದೆ ಹೋದುದರಿಂದ ಆಗುವ ಅನರ್ಥವೂ ಉಂಟು. ಅಂಥ ಅನರ್ಥದಲ್ಲಿ ನಾನೂ ಒಮ್ಮೆ ಭಾಗಿಯಾದವನಾದ್ದರಿಂದ ಅಲ್ಲಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ.

ನಮ್ಮದು ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ವರ್ಷ ರೋಹಿಣಿ ಮಳೆ ಒಂದೇ ರಾತ್ರಿ ಭರ್ಜರಿಯಾಗಿ ಸುರಿಯಿತು. ಬೆಳಿಗ್ಗೆ ಕೆರೆಯ ಹಿಂದಲ ತಗ್ಗಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಆ ನೀರಿನ ತುಂಬ ಹಳದಿ ಕಪ್ಪೆಗಳು! ಮಾಸಲು ಹಳದಿಯಲ್ಲ, ಆಗತಾನೆ ಅರಿಸಿನ ಮೆತ್ತಿಸಿಕೊಂಡು ಬಂದಂಥ ಹಳದಿ. ಗಂಟಲಿನ ಎರಡು ಪಕ್ಕಗಳಲ್ಲಿಯೂ ನೀಲಿಯ ಗುಳ್ಳೆಗಳು ಉಬ್ಬಿ ಇಳಿಯುತ್ತಿದ್ದವು. ವಟಗುಟ್ಟುವಿಕೆಯಿಂದ ಪಕ್ಕದವರ ಮಾತೂ ಕೇಳದಂತಾಗಿತ್ತು. ನಮ್ಮ ಗುಂಪಿನಲ್ಲಿ ಒಬ್ಬ, 'ಇವು ವಿಷದ ಕಪ್ಪೆ, ಮುಟ್ಟಿದರೆ ಸಾವು, ಮೊಬೈಲಿನಲ್ಲಿ ತೋರಿಸಿದ್ದಾರೆ' ಎಂದ. ಅಷ್ಟೇ ಸಾಕಾಯಿತು. ಊರನ್ನು ಕಾಪಾಡುವ ವೀರರಂತೆ ನಾವು ಕಲ್ಲುಗಳನ್ನು ಆಯ್ದುಕೊಂಡೆವು. ಎಷ್ಟು ಕಪ್ಪೆಗಳು ಸತ್ತವೋ ಲೆಕ್ಕವಿಡಲಿಲ್ಲ. ನನ್ನ ಕಲ್ಲು ಗುರಿ ತಪ್ಪಲಿಲ್ಲವೆಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಮನೆಗೆ ಬಂದು ಅಜ್ಜಿಯ ಮುಂದೆ ಈ ಪರಾಕ್ರಮವನ್ನು ಹೇಳಿಕೊಂಡೆ. ಅವರು ರಾಗಿ ಕೇರುತ್ತಿದ್ದವರು ಮೊರವನ್ನು ಕೆಳಗಿಟ್ಟು, 'ಅಯ್ಯೋ ಪಾಪಿ, ಅವು ನಮ್ಮ ಗದ್ದೆ ಕಪ್ಪೆಗಳೇ ಕಣ್ಲಾ. ಮಳೆ ಬಂದಾಗ ಮದುವೆ ಗಂಡಿನ ಹಂಗೆ ಅರಿಸಿನ ಹಚ್ಕೊಂತವೆ' ಎಂದರು. ನಾನು ನಂಬಲಿಲ್ಲ. ಗದ್ದೆಯ ಕಪ್ಪೆ ಪಾಚಿಯ ಬಣ್ಣದ್ದು, ಇವು ಹಳದಿ, ಎರಡೂ ಒಂದಾಗುವುದು ಹೇಗೆ ಎಂದು ವಾದಿಸಿದೆ. ಆಗ ಅಜ್ಜಿ ಒಂದು ಪ್ರಶ್ನೆ ಕೇಳಿದರು: 'ಹಂಗಾದ್ರೆ ಆ ಹಳದಿ ಕಪ್ಪೆಗೆ ಹೆಣ್ಣೆಲ್ಲಿ ಹೇಳು ನೋಡನ? ಮರಿ ಎಲ್ಲಿ? ಸುಗ್ಗೀಲಿ ಒಂದಾದ್ರೂ ಹಳದಿ ಕಪ್ಪೆ ಕಂಡಿದ್ದೀಯೇನ್ಲಾ?' ಉತ್ತರ ನನ್ನಲ್ಲಿ ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಆಕೆ ಕೇಳಿದ ಆ ಮೂರು ಪ್ರಶ್ನೆಗಳಿಗಿಂತ ಒಳ್ಳೆಯ ಪ್ರಶ್ನೆಯನ್ನು ಈ ವಿಷಯದಲ್ಲಿ ನಾನು ಮುಂದೆ ಯಾವ ಪುಸ್ತಕದಲ್ಲಿಯೂ ಓದಲಿಲ್ಲ.

ತುಮಕೂರಿಗೆ ಬಂದು ಕಾಲೇಜು ಸೇರಿದ ಮೇಲೆ ಆ ಪ್ರಶ್ನೆಗಳು ಮತ್ತೆ ಕಾಡಿದವು. ನಾನು ಓದುತ್ತಿರುವುದು ಚರಿತ್ರೆ ಮತ್ತು ಕನ್ನಡ, ಪ್ರಾಣಿಶಾಸ್ತ್ರವಲ್ಲ. ಆದರೆ ಕಣ್ಣಿದ್ದವರಿಗೆ ನೋಡುವ ಹಕ್ಕು ಇದ್ದೇ ಇದೆಯಲ್ಲವೆ? ಹೋದ ವರ್ಷ ಮೊದಲ ದೊಡ್ಡ ಮಳೆಯಾದ ದಿನ ಊರಿನಲ್ಲಿದ್ದೆ. ರಾತ್ರಿ ಟಾರ್ಚು ಹಿಡಿದು ಅದೇ ತಗ್ಗಿಗೆ ಹೋದೆ. ಹಳದಿ ಕಪ್ಪೆಗಳು ಬಂದಿದ್ದವು. ಅವುಗಳ ನಡುವೆ ಪಾಚಿ ಬಣ್ಣದ, ಇನ್ನೂ ದೊಡ್ಡ ಗಾತ್ರದ ಕಪ್ಪೆಗಳೂ ಇದ್ದವು. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತು ನೋಡಿದಾಗ ಹಳದಿಯದು ಪಾಚಿ ಬಣ್ಣದ್ದರ ಬೆನ್ನೇರಿ ಮುಂಗಾಲುಗಳಿಂದ ಬಿಗಿಯಾಗಿ ಅಪ್ಪಿಕೊಂಡಿದ್ದುದು ಕಾಣಿಸಿತು. ಹೆಣ್ಣೆಲ್ಲಿ ಎಂಬುದಕ್ಕೆ ಉತ್ತರ ಅಲ್ಲಿಯೇ ಇತ್ತು. ಆ ಗುಂಪಿನಲ್ಲಿ ಒಂದು ಹಳದಿ ಕಪ್ಪೆಗೆ ಬಲ ಹಿಂಗಾಲಿನ ಎರಡು ಬೆರಳುಗಳು ತುಂಡಾಗಿದ್ದವು; ಯಾವ ಹಾವಿನ ಬಾಯಿಂದ ತಪ್ಪಿಸಿಕೊಂಡದ್ದೋ ಏನೋ. ಹದಿನೈದು ದಿನಗಳ ಮೇಲೆ ನಮ್ಮ ಅಡಕೆ ತೋಟದ ಕಾಲುವೆಯ ಬದಿಯಲ್ಲಿ ಬಲ ಹಿಂಗಾಲಿಗೆ ಅದೇ ಎರಡು ಬೆರಳುಗಳಿಲ್ಲದ ಒಂದು ಕಪ್ಪೆ ಕುಳಿತಿತ್ತು. ಅದರ ಮೈ ಪಾಚಿಯ ಹಸಿರು. ಮೇಲೆ ಕಪ್ಪು ಮಚ್ಚೆಗಳು. ಬೆನ್ನಿನ ನಡುವೆ ತೆಳುವಾದ ಗೆರೆ. ಅರಿಸಿನವೆಲ್ಲ ತೊಳೆದುಹೋಗಿತ್ತು. ಒಂದು ಕಪ್ಪೆಯನ್ನು ನೋಡಿ ಶಾಸ್ತ್ರ ಬರೆಯಲಾಗದು, ನಿಜ. ಆದರೆ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿ ಓದಿದಾಗ ಅಜ್ಜಿ ಹೇಳಿದುದೇ ಶಾಸ್ತ್ರವೆಂದು ತಿಳಿಯಿತು.

ಈ ಕಪ್ಪೆಯನ್ನು ಕನ್ನಡದಲ್ಲಿ ಗೋಂಕುರು ಕಪ್ಪೆ ಅಥವಾ ಗೂಳಿ ಕಪ್ಪೆ ಎನ್ನುತ್ತಾರೆ. 1802ರಲ್ಲಿ ಫ್ರಾನ್ಸಿನ ದೋದಾಂ ಎಂಬ ಪ್ರಾಣಿಶಾಸ್ತ್ರಜ್ಞನು ಇದಕ್ಕೆ ಹುಲಿಯ ಹೆಸರು ಕೊಟ್ಟನು. ಈಗ ಅದರ ಶಾಸ್ತ್ರೀಯ ನಾಮ ಹೋಪ್ಲೊಬ್ಯಾಟ್ರಕಸ್ ಟೈಗರಿನಸ್. ನಮ್ಮ ದೇಶದ ಅತಿ ದೊಡ್ಡ ಕಪ್ಪೆಗಳಲ್ಲಿ ಇದೂ ಒಂದು. ಬೆಳೆದ ಹೆಣ್ಣು ಒಂದು ಗೇಣಿಗೆ ಸಮೀಪವಾಗುತ್ತದೆ. ಬೇಸಗೆಯಲ್ಲಿ ಮಣ್ಣಿನೊಳಗೆ ಹುದುಗಿ ಕಾಲ ಕಳೆಯುವುದು, ಮೊದಲ ಭಾರಿ ಮಳೆಗೆ ಮೇಲೆದ್ದು ಹೊಸ ನೀರಿಗೆ ಧಾವಿಸುವುದು, ಕೆಲವೇ ರಾತ್ರಿಗಳಲ್ಲಿ ಕೂಡಿ ಸಾವಿರಾರು ಮೊಟ್ಟೆಗಳನ್ನಿಟ್ಟು ಮತ್ತೆ ಗದ್ದೆ ತೋಟಗಳಿಗೆ ಚೆದುರುವುದು, ಇದು ಅದರ ಬದುಕಿನ ಕ್ರಮ. ಈ ಕೆಲವು ರಾತ್ರಿಗಳಿಗಾಗಿ ಮಾತ್ರ ಗಂಡು ಹಳದಿಯಾಗುತ್ತದೆ. ಅದರ ಧ್ವನಿಚೀಲಗಳು ನೀಲಿಯಾಗುತ್ತವೆ. ಹೆಣ್ಣು ತನ್ನ ಹಳೆಯ ಬಣ್ಣದಲ್ಲಿಯೇ ಇರುತ್ತದೆ. ಕಾಲ ಮುಗಿದೊಡನೆ ಗಂಡೂ ಹಳೆಯ ಬಣ್ಣಕ್ಕೆ ಮರಳುತ್ತದೆ.

ಇಷ್ಟು ದೊಡ್ಡ ಬದಲಾವಣೆ ಹೇಗೆ ಸಾಧ್ಯ? ಗುಬ್ಬಿಯ ಹೆಸರು ಕೇಳಿದವರಿಗೆಲ್ಲ 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ನೆನಪಾಗುತ್ತದೆ. ನಾಟಕದವರು ಮುಖಕ್ಕೆ ಬಣ್ಣವನ್ನು ಹೊರಗಿನಿಂದ ಹಚ್ಚಿಕೊಂಡು ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆಯಿಂದ ಒರೆಸಿಕೊಳ್ಳುತ್ತಾರೆ. ಕಪ್ಪೆಯ ಬಣ್ಣದ ಪೆಟ್ಟಿಗೆ ಚರ್ಮದ ಒಳಗೇ ಇದೆ. ಹಚ್ಚುವುದೂ ಇಲ್ಲ, ಒರೆಸುವುದೂ ಇಲ್ಲ. ಇರುವ ಬಣ್ಣಗಳನ್ನೇ ಅಡಗಿಸುವುದು ಮತ್ತು ತೋರಿಸುವುದು.

ಕಪ್ಪೆಯ ಚರ್ಮದಲ್ಲಿ ಮೂರು ಬಗೆಯ ವರ್ಣಕೋಶಗಳು ಒಂದರ ಕೆಳಗೊಂದು ಜೋಡಣೆಯಾಗಿವೆ. 1968ರಲ್ಲಿ ಅಮೆರಿಕದ ಬ್ಯಾಗ್ನರ ಮತ್ತು ಅವರ ಜೊತೆಗಾರರು ಈ ಜೋಡಣೆಯನ್ನು ವಿವರವಾಗಿ ವರ್ಣಿಸಿದರು. ಎಲ್ಲಕ್ಕೂ ಮೇಲಿರುವುದು ಹಳದಿಯ ಕೋಶ. ಅದರ ಕೆಳಗೆ ಹೊಳಪಿನ ಕೋಶ. ಇದರಲ್ಲಿ ಬಣ್ಣವೆಂಬುದೇ ಇಲ್ಲ. ಗ್ವಾನಿನ್ ಎಂಬ ವಸ್ತುವಿನ ಅತಿ ಸಣ್ಣ ಬಿಲ್ಲೆಗಳು ಕನ್ನಡಿಯ ಚೂರುಗಳಂತೆ ಅದರಲ್ಲಿ ಅಡುಕಿಕೊಂಡಿವೆ. ಎಲ್ಲಕ್ಕೂ ಕೆಳಗೆ ಕಪ್ಪು ಕೋಶ. ಇದರ ಕೈಗಳು ಮರದ ಕೊಂಬೆಗಳಂತೆ ಮೇಲಿನ ಕೋಶಗಳನ್ನು ಬಳಸಿಕೊಂಡು ಮೇಲೆ ಹಬ್ಬಿರುತ್ತವೆ. ನಮ್ಮ ತಲೆಗೂದಲನ್ನು ಕಪ್ಪಾಗಿಸುವ ಮೆಲನಿನ್ ಎಂಬ ದ್ರವ್ಯವೇ ಇದರೊಳಗೂ ಕಣಕಣವಾಗಿ ತುಂಬಿದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಹಸಿರು ಕಪ್ಪೆಯಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣದ ದ್ರವ್ಯ ಬೇಕಾಗಿಲ್ಲ. ನಡುವಿನ ಕನ್ನಡಿ ಚೂರುಗಳು ಬೆಳಕಿನ ನೀಲಿ ಭಾಗವನ್ನು ಹೊರಕ್ಕೆ ಹಿಂದಿರುಗಿಸುತ್ತವೆ; ಆ ನೀಲಿ ಮೇಲಿನ ಹಳದಿಯ ಪರದೆಯ ಮೂಲಕ ಹಾದು ಬರುವಾಗ ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ಹುಟ್ಟಿನಿಂದಲೇ ಹಳದಿಯ ದ್ರವ್ಯವಿಲ್ಲದ ಹಸಿರು ಕಪ್ಪೆ ಎಲ್ಲಿಯಾದರೂ ಹುಟ್ಟಿದರೆ ಅದು ನೀಲಿಯಾಗಿರುತ್ತದೆ. ಅಂಥ ನೀಲಿ ಕಪ್ಪೆಗಳು ಅನೇಕ ದೇಶಗಳಲ್ಲಿ ಅಪರೂಪಕ್ಕೆ ಸಿಕ್ಕಿವೆ. ಬಿಸಿಲಿಗೆ ಪರದೆ ಕಟ್ಟಿದ ಕೋಣೆಯಲ್ಲಿ ಗೋಡೆಯ ಬಣ್ಣವೇ ಬೇರೆಯಾಗಿ ಕಾಣುವುದಿಲ್ಲವೆ? ಇದೂ ಹಾಗೆಯೇ.

ಇನ್ನು ಕಪ್ಪು ಕೋಶದ ಕೆಲಸ. ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ಜಾತ್ರೆಯನ್ನು ನೋಡಿದವರು ಇದನ್ನು ಸುಲಭವಾಗಿ ತಿಳಿದುಕೊಳ್ಳಬಹುದು. ತೇರು ಎಳೆಯುವ ಹೊತ್ತಿಗೆ ಜನರೆಲ್ಲ ತೇರಿನ ಸುತ್ತ ಒತ್ತಾಗಿ ನಿಲ್ಲುತ್ತಾರೆ. ಆಗ ಉಳಿದ ಬೀದಿಗಳು ಬರಿದಾಗಿ ನೆಲ ಕಾಣುತ್ತದೆ. ತೇರು ನಿಂತ ಮೇಲೆ ಅದೇ ಜನ ಬೀದಿ ಬೀದಿಗೂ ಹರಡುತ್ತಾರೆ. ಆಗ ಊರೆಲ್ಲ ಜನವೇ. ಜನರ ಸಂಖ್ಯೆ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಕಪ್ಪು ಕೋಶದಲ್ಲಿಯೂ ಮೆಲನಿನ್ ಕಣಗಳು ನಡುವೆ ಒತ್ತಾಗಿ ಸೇರಿಕೊಂಡರೆ ಮೇಲಿನ ಬಣ್ಣಗಳಿಗೆ ಎಡೆ ಸಿಕ್ಕಿ ಕಪ್ಪೆ ತಿಳಿಯಾಗುತ್ತದೆ; ಅವು ಕೋಶದ ಕೊಂಬೆ ಕೊಂಬೆಗೂ ಹರಡಿಕೊಂಡರೆ ಕಪ್ಪೆ ಕಪ್ಪಾಗುತ್ತದೆ. ಕೋಶ ಇದ್ದಲ್ಲಿಯೇ ಇರುತ್ತದೆ. ಓಡಾಡುವುದು ಒಳಗಿನ ಕಣಗಳು ಮಾತ್ರ.

ಈ ಕಣಗಳಿಗೆ ಅಪ್ಪಣೆ ಕೊಡುವವರು ಯಾರು? ಇದನ್ನು ಕಂಡುಹಿಡಿದ ಕಥೆ ದೊಡ್ಡದು. 1916ರಲ್ಲಿ ಅಮೆರಿಕದ ಸ್ಮಿತ್ ಮತ್ತು ಅಲೆನ್ ಎಂಬಿಬ್ಬರು ಬೇರೆ ಬೇರೆಯಾಗಿ ಗೊದಮೊಟ್ಟೆಗಳ ಪಿಟ್ಯುಟರಿ ಗ್ರಂಥಿಯನ್ನು ತೆಗೆದುಹಾಕಿದರು. ಮಿದುಳಿನ ತಳದಲ್ಲಿರುವ ಬಲು ಸಣ್ಣ ಗ್ರಂಥಿ ಅದು. ಅದಿಲ್ಲದ ಗೊದಮೊಟ್ಟೆಗಳು ಬೆಳ್ಳಿಯಂತೆ ಬೆಳ್ಳಗಾದವು. ಮರುವರ್ಷ, 1917ರಲ್ಲಿ, ಹಸುವಿನ ಮಿದುಳಿನ ಇನ್ನೊಂದು ಗ್ರಂಥಿಯಾದ ಪಿನಿಯಲ್‌ನ ಸಾರವನ್ನು ತಿನ್ನಿಸಿದಾಗಲೂ ಗೊದಮೊಟ್ಟೆಗಳು ತಿಳಿಯಾಗುವುವೆಂದು ಕಂಡುಬಂತು. ಆ ಸಾರದಲ್ಲಿರುವ ವಸ್ತು ಯಾವುದೆಂದು ತಿಳಿಯಲು ನಾಲ್ವತ್ತೊಂದು ವರ್ಷ ಬೇಕಾಯಿತು. 1958ರಲ್ಲಿ ಅಮೆರಿಕದ ವೈದ್ಯ ಏರನ್ ಲರ್ನರ್ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿ ಮೆಲಟೋನಿನ್ ಎಂದು ಹೆಸರಿಟ್ಟರು. ನಿದ್ದೆಯ ವಿಚಾರದಲ್ಲಿ ಇಂದು ಎಲ್ಲರ ಬಾಯಲ್ಲಿರುವ ಮೆಲಟೋನಿನ್ ಮೊದಲು ಗುರುತಿಗೆ ಬಂದದ್ದು ಕಪ್ಪೆಯ ಚರ್ಮವನ್ನು ತಿಳಿಯಾಗಿಸುವ ವಸ್ತುವೆಂದು! ಒಟ್ಟಿನಲ್ಲಿ, ಕಣ್ಣು ಸುತ್ತಲಿನ ಬೆಳಕನ್ನು ಕಾಣುತ್ತದೆ, ಮಿದುಳಿಗೆ ಸುದ್ದಿ ಮುಟ್ಟುತ್ತದೆ, ಪಿಟ್ಯುಟರಿಯು ರಕ್ತಕ್ಕೆ ತನ್ನ ಸ್ರಾವವನ್ನು ಬಿಡುತ್ತದೆ, ಮೆಲನಿನ್ ಕಣಗಳು ಹರಡುತ್ತವೆ. ಸ್ರಾವ ನಿಂತರೆ ಕಣಗಳು ಹಿಂದಕ್ಕೆ ಸೇರುತ್ತವೆ.

ಇದೇ ವಿಷಯದ ಬೆನ್ನು ಹತ್ತಿದ ಇನ್ನೊಬ್ಬರು ಇಂಗ್ಲೆಂಡಿನ ಲ್ಯಾನ್ಸ್‌ಲಾಟ್ ಹಾಗ್‌ಬೆನ್. ಅವರು 1927ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕರಾಗಿ ಹೋದರು. ಅಲ್ಲಿನ ಕೆರೆಕುಂಟೆಗಳಲ್ಲಿ ಸಿಗುವ, ಕಾಲಿಗೆ ಉಗುರುಳ್ಳ ಜೆನೋಪಸ್ ಎಂಬ ಕಪ್ಪೆ ಕಪ್ಪು ತೊಟ್ಟಿಯಲ್ಲಿಟ್ಟರೆ ಕಪ್ಪಾಗುತ್ತದೆ, ಬಿಳಿಯ ತೊಟ್ಟಿಯಲ್ಲಿಟ್ಟರೆ ಬಿಳಿಚಿಕೊಳ್ಳುತ್ತದೆ. ಬಣ್ಣದ ಅಭ್ಯಾಸಕ್ಕೆ ಇದಕ್ಕಿಂತ ಅನುಕೂಲವಾದ ಪ್ರಾಣಿ ಬೇಕೆ? ಅವರು ಇದರ ಪಿಟ್ಯುಟರಿಯ ಮೇಲೆ ಪ್ರಯೋಗ ನಡೆಸುತ್ತಿರುವಾಗ, ಎತ್ತಿನ ಪಿಟ್ಯುಟರಿಯ ಸಾರವನ್ನು ಚುಚ್ಚಿದರೆ ಹೆಣ್ಣು ಕಪ್ಪೆ ಮೊಟ್ಟೆಯಿಡುವುದು ಕಂಡುಬಂತು. ಇದನ್ನೇ ಹಿಡಿದು ಮುಂದೆ ಗರ್ಭಪರೀಕ್ಷೆಯೊಂದು ಬೆಳೆಯಿತು. ಸ್ತ್ರೀಯ ಮೂತ್ರದ ಸಾರವನ್ನು ಕಪ್ಪೆಗೆ ಚುಚ್ಚಿದಾಗ ಒಂದು ದಿನದೊಳಗೆ ಅದು ಮೊಟ್ಟೆಯಿಟ್ಟರೆ ಆಕೆ ಗರ್ಭಿಣಿಯೆಂದು ಅರ್ಥ. 1930ರ ದಶಕದಿಂದ 1960ರ ದಶಕದವರೆಗೆ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ನಡೆಯಿತು. ಕಪ್ಪೆಯೇಕೆ ಕಪ್ಪಾಗುತ್ತದೆಂದು ಕೇಳಹೊರಟವರಿಗೆ ಸಿಕ್ಕಿದ ಉತ್ತರ ತಾಯಂದಿರಿಗೆ ಉಪಯೋಗವಾಯಿತು. ಇಂಥ ಪ್ರಶ್ನೆಗಳಿಂದ ಏನು ಪ್ರಯೋಜನ ಎನ್ನುವವರು ಇದನ್ನು ನೆನೆಯಬೇಕು.

ಅಷ್ಟು ದೂರ ಹೋಗದೆ ಈ ವಿದ್ಯೆಯನ್ನು ನೋಡಬೇಕೆನ್ನುವವರು ತಮ್ಮ ಬಚ್ಚಲ ಮನೆಯಲ್ಲಿಯೇ ನೋಡಬಹುದು. ನನ್ನ ದೊಡ್ಡಮ್ಮನ ಮನೆ ಗುಬ್ಬಿಯಲ್ಲಿದೆ; ಹಳೆಯ ಹೆಂಚಿನ ಮನೆ, ಹಿಂದೆ ತೆಂಗಿನ ತೋಟ. ಬೇಸಗೆ ಬಂತೆಂದರೆ ಆ ಮನೆಯ ಬಚ್ಚಲಿಗೆ ಮರಗಪ್ಪೆಯೊಂದು ಬಂದು ಸೇರುತ್ತದೆ. ಶಾಸ್ತ್ರದಲ್ಲಿ ಅದು ಪಾಲಿಪೆಡೇಟಸ್ ಮ್ಯಾಕ್ಯುಲೇಟಸ್. ಬೆರಳ ತುದಿಗಳಲ್ಲಿ ದುಂಡನೆಯ ಬಿಲ್ಲೆಗಳಿರುವುದರಿಂದ ಗೋಡೆಗೆ ಅಂಟಿಕೊಂಡು ಕುಳಿತುಕೊಳ್ಳಬಲ್ಲದು. ಸುಣ್ಣ ಬಳಿದ ಗೋಡೆಯ ಮೇಲೆ ಹಗಲೆಲ್ಲ ಅದು ಕೆನೆಯ ಬಣ್ಣದಲ್ಲಿರುತ್ತದೆ. ಮೊದಲ ಸಲ ನೋಡಿದವರು ಗಾರೆ ಉಬ್ಬಿದೆಯೆಂದೇ ತಿಳಿಯುತ್ತಾರೆ. ಸಂಜೆಯಾದ ಮೇಲೆ ಹಂಡೆಯ ಹಿಂದಿನ ಮಸಿ ಹಿಡಿದ ಮೂಲೆಯಲ್ಲಿ ನೋಡಿದರೆ ಅದೇ ಕಪ್ಪೆ ಕಂದುಬಣ್ಣವಾಗಿ ಬೆನ್ನ ಮೇಲೆ ಕಪ್ಪು ಗುರುತುಗಳು ಎದ್ದಿರುತ್ತವೆ. ದೊಡ್ಡಮ್ಮ ಬಹಳ ಕಾಲ ಎರಡು ಕಪ್ಪೆಗಳಿವೆಯೆಂದು ನಂಬಿದ್ದರು. 'ಬಿಳೀದು ಹಗಲಿನದು, ಕಂದಿಂದು ರಾತ್ರೀದು ಕಣಪ್ಪ' ಎನ್ನುತ್ತಿದ್ದರು. ಒಂದು ದಿನ ಇಬ್ಬರೂ ಬಾಗಿಲ ಹೊರಗೆ ಕಾದು ನೋಡಿದೆವು. ಅದು ಇಳಿದು ಮೂಲೆ ಸೇರಿ ಬಣ್ಣ ತಿರುಗಿದ ಮೇಲೆ ದೊಡ್ಡಮ್ಮ ನಕ್ಕು, 'ಒಂದೇ ಬಾಡಿಗೆದಾರ, ಎರಡು ಅಂಗಿ' ಎಂದರು. ಇದರ ತೊಡೆಯ ಹಿಂಭಾಗದಲ್ಲಿ ಕಂದು ನೆಲದ ಮೇಲೆ ಹಳದಿ ಚುಕ್ಕೆಗಳಿರುತ್ತವೆ. ಕುಳಿತಾಗ ಮಡಿಸಿದ ಕಾಲಿನೊಳಗೆ ಅವು ಅಡಗಿರುತ್ತವೆ. ಹಾರಿದಾಗ ಮಾತ್ರ ಕಾಣುತ್ತವೆ.

ಮರಗಪ್ಪೆಯ ಬಣ್ಣಕ್ಕೆ ಕಾರಣ ಸ್ಪಷ್ಟ: ಅಡಗಿಕೊಳ್ಳುವುದು. ಹಗಲಿನ ಬಿಸಿಗೆ ತಿಳಿಯ ಬಣ್ಣವೇ ತಂಪೆಂಬುದೂ ಉಂಟು. ಆಫ್ರಿಕದ ಕೆಲವು ಜೊಂಡುಗಪ್ಪೆಗಳು ಒಣಗಾಲದಲ್ಲಿ ಬಿಸಿಲಿನಲ್ಲಿಯೇ ಕುಳಿತು, ಚರ್ಮದಲ್ಲಿ ಗ್ವಾನಿನ್ ಬಿಲ್ಲೆಗಳನ್ನು ಹೇರಳವಾಗಿ ಕೂಡಿಸಿಕೊಂಡು ಹೆಚ್ಚು ಕಡಮೆ ಬಿಳಿಯಾಗಿಬಿಡುತ್ತವೆ. ಆದರೆ ಗೋಂಕುರು ಕಪ್ಪೆಯ ಹಳದಿ ಅಡಗುವುದಕ್ಕಲ್ಲ, ಎದ್ದು ಕಾಣುವುದಕ್ಕೆ. ಹದ್ದಿಗೂ ಕಾಣುವ, ಹುಡುಗರ ಕಲ್ಲಿಗೂ ಕಾಣುವ ಈ ಅಪಾಯದ ಬಣ್ಣವೇಕೆ?

ಯೂರೋಪಿನಲ್ಲಿ ಇಂಥದೇ ಇನ್ನೊಂದು ಕಪ್ಪೆಯಿದೆ. ಅದರ ಗಂಡುಗಳು ವಸಂತದಲ್ಲಿ ಕೆಲವು ದಿನ ಮಾತ್ರ ಉಜ್ವಲವಾದ ನೀಲಿಯಾಗುತ್ತವೆ. 2012ರಲ್ಲಿ ಪ್ರಕಟವಾದ ಅಭ್ಯಾಸವೊಂದು, ನೂಕುನುಗ್ಗಲಿನಲ್ಲಿ ಗಂಡಿಗೂ ಹೆಣ್ಣಿಗೂ ಇರುವ ವ್ಯತ್ಯಾಸವನ್ನು ಗಂಡುಗಳು ಬೇಗ ಗುರುತಿಸಲು ಈ ಬಣ್ಣ ನೆರವಾಗುತ್ತದೆಂದು ತೋರಿಸಿತು. ನೂರಾರು ಕಪ್ಪೆಗಳು ಒಂದೇ ತಗ್ಗಿನಲ್ಲಿ ನೆರೆದು, ಎದುರು ಬಂದುದನ್ನೆಲ್ಲ ಅಪ್ಪುವ ಆತುರದಲ್ಲಿರುವಾಗ, ನಾನು ಗಂಡು, ನನ್ನನ್ನು ಬಿಡು ಎಂದು ದೂರದಿಂದಲೇ ಸಾರುವುದು ಎರಡು ಕಡೆಗೂ ಲಾಭವೇ ಸರಿ. ನಮ್ಮ ಗೋಂಕುರು ಕಪ್ಪೆಯೂ ಇಂಥ ನೂಕುನುಗ್ಗಲಿನ ಪ್ರಾಣಿಯಾದ್ದರಿಂದ ಅದರ ಅರಿಸಿನಕ್ಕೂ ಇದೇ ಅರ್ಥವಿರಬೇಕೆಂದು ಊಹಿಸಬಹುದು. ಆಸ್ಟ್ರೇಲಿಯದಲ್ಲಿ ಇನ್ನೊಂದು ಕಪ್ಪೆಯ ಗಂಡು ಕೂಡುವ ವೇಳೆಗೆ ಕಂದುಬಣ್ಣದಿಂದ ನಿಂಬೆಹಣ್ಣಿನ ಹಳದಿಗೆ ಕೆಲವೇ ನಿಮಿಷಗಳಲ್ಲಿ ತಿರುಗುತ್ತದೆ. ಅದಕ್ಕೆ ಅಡ್ರಿನಲಿನ್ ಚುಚ್ಚಿದರೂ ಹಾಗೆಯೇ ಆಗುವುದನ್ನು 2014ರಲ್ಲಿ ತೋರಿಸಿದರು. ನಮಗೆ ಭಯದಲ್ಲಿಯೂ ಸಂಭ್ರಮದಲ್ಲಿಯೂ ಎದೆ ಹೊಡೆದುಕೊಳ್ಳುವಂತೆ ಮಾಡುವ ರಸವೇ ಅದು. ಗಂಡುಗಳು ಮಳೆಗಾಲದಲ್ಲಿ ಹಳದಿ ತಾಳುವುದು ನಮ್ಮ ಅಂಗಳದ ನೆಲಗಪ್ಪೆಯಲ್ಲಿಯೂ ಉಂಟು. ಅಷ್ಟು ಢಾಳಾಗಿ ಅಲ್ಲ.

ಇದುವರೆಗೆ ಹೇಳಿದುದು ಒಂದೇ ಕಪ್ಪೆ ಹಲವು ಬಣ್ಣಗಳನ್ನು ತಾಳುವ ಮಾತು. ಒಂದೇ ಜಾತಿಯ ಬೇರೆ ಬೇರೆ ಕಪ್ಪೆಗಳು ಹುಟ್ಟಿನಿಂದಲೇ ಬೇರೆ ಬೇರೆ ಬಣ್ಣದಲ್ಲಿರುವುದೂ ಉಂಟು. ಮಳೆಗಾಲದಲ್ಲಿ ನಮ್ಮ ಗದ್ದೆಗಳ ಬದುವಿನಲ್ಲಿ ನಡೆದರೆ ಹೆಜ್ಜೆಗೊಂದು ಸಣ್ಣ ಕಪ್ಪೆ ನೀರಿಗೆ ಹಾರುತ್ತದೆ. ಅವುಗಳಲ್ಲಿ ಕೆಲವಕ್ಕೆ ಮೂತಿಯಿಂದ ಹಿಂದಿನವರೆಗೆ ಬಿಳಿಯ ಬೆನ್ನಗೆರೆಯಿದೆ, ಕೆಲವಕ್ಕೆ ಇಲ್ಲ. ಗೆರೆಯುಳ್ಳವೂ ಇಲ್ಲದವೂ ಒಂದೇ ಜಾತಿಯವಾಗಿರಬಹುದು. ನಮ್ಮ ಮನೆಯಲ್ಲಿ ಒಬ್ಬನ ಕೂದಲು ಗುಂಗುರು, ತಮ್ಮನದು ನೇರ ಇರುವುದಿಲ್ಲವೆ? ಹಾಗೆ.

ಈ ಬಗೆಯ ವೈವಿಧ್ಯಕ್ಕೆ ಲೋಕಪ್ರಸಿದ್ಧವಾದುದು ದಕ್ಷಿಣ ಆಫ್ರಿಕದ ಬಣ್ಣದ ಜೊಂಡುಗಪ್ಪೆ. 1842ರಲ್ಲಿ ಅದಕ್ಕೆ ಹೈಪರೋಲಿಯಸ್ ಮಾರ್ಮೊರೇಟಸ್ ಎಂಬ ಹೆಸರು ಬಂತು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟೇ ಉದ್ದದ ಈ ಕಪ್ಪೆ ಒಂದು ಕಡೆ ಉದ್ದುದ್ದ ಪಟ್ಟೆಗಳಿಂದ ಕೂಡಿದೆ. ಇನ್ನೊಂದು ಕಡೆ ಅಮೃತಶಿಲೆಯಂತೆ ಬಣ್ಣಗಳು ಕಲಸಿಕೊಂಡಿವೆ. ಮತ್ತೊಂದು ಕಡೆ ಕಪ್ಪು ನೆಲದ ಮೇಲೆ ಚುಕ್ಕೆಗಳು. ಎಳೆಯವು ಬರಿಯ ಕಂದು. ಬೆಳೆದ ಮೇಲೂ ಕೆಲವು ಗಂಡುಗಳು ಆ ಎಳೆತನದ ಬಣ್ಣವನ್ನೇ ಉಳಿಸಿಕೊಳ್ಳುತ್ತವೆ. ಇವುಗಳನ್ನು ಸಾಲಾಗಿ ಇಟ್ಟರೆ ಒಂದೇ ಜಾತಿಯೆಂದು ನಂಬುವುದು ಕಷ್ಟ. ಬಣ್ಣವನ್ನು ಮಾತ್ರ ನೋಡಿ ಹೆಸರಿಡಹೊರಟವರು ಇಂಥ ಕಪ್ಪೆಗಳಲ್ಲಿ ಒಂದಕ್ಕೇ ಅನೇಕ ಹೆಸರುಗಳನ್ನಿಟ್ಟು ತೊಡಕು ಮಾಡಿದ್ದಾರೆ. ಆದ್ದರಿಂದಲೇ ಇಂದಿನ ವಿದ್ವಾಂಸರು ಬಣ್ಣದ ಸಾಕ್ಷ್ಯವೊಂದನ್ನೇ ನಂಬುವುದಿಲ್ಲ. 2020ರಲ್ಲಿ ಬೆಂಗಳೂರಿನ ಹೊರವಲಯದಿಂದ ಬಿಲ ತೋಡುವ ಕಪ್ಪೆಯ ಹೊಸ ಜಾತಿಯೊಂದನ್ನು ಗುರುತಿಸಿ ಅದಕ್ಕೆ ಸ್ಫೀರೊಥೀಕ ಬೆಂಗಳೂರು ಎಂದು ನಮ್ಮ ರಾಜಧಾನಿಯ ಹೆಸರನ್ನೇ ಕೊಟ್ಟಾಗ, ಮೈಯ ಅಳತೆಗಳನ್ನೂ ಡಿ.ಎನ್.ಎ.ಯನ್ನೂ ಇತರ ಜಾತಿಗಳೊಡನೆ ಹೋಲಿಸಿಯೇ ತೀರ್ಮಾನಕ್ಕೆ ಬಂದರು. ಕಪ್ಪೆಗಳ ಕರೆಯನ್ನು ಹೋಲಿಸುವುದೂ ಇಂಥ ಕೆಲಸದಲ್ಲಿ ರೂಢಿ.

ಕೊನೆಗೆ ವಿಷದ ಮಾತು. ಹಳದಿ ಕಪ್ಪೆ ವಿಷದ್ದೆಂಬ ಸುದ್ದಿ ಪೂರ್ತಿ ಕಟ್ಟುಕಥೆಯಲ್ಲ. ಅದು ಬೇರೆ ದೇಶದ ಕಥೆ. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಕಾಡಿನಲ್ಲಿ ಬಂಗಾರದ ಬಣ್ಣದ ಪುಟ್ಟ ಕಪ್ಪೆಯೊಂದಿದೆ. ಅದರ ಚರ್ಮದ ವಿಷ ಮನುಷ್ಯನನ್ನೂ ಕೊಲ್ಲಬಲ್ಲದು. ಅಲ್ಲಿನ ಬುಡಕಟ್ಟಿನವರು ಬೇಟೆಯ ಅಂಬಿಗೆ ಅದನ್ನು ಸವರುತ್ತಿದ್ದರು. ಅದರ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ಕುಣಿಗಲ್ ಸೀಮೆಯ ಕಪ್ಪೆಗೆ ಕಲ್ಲು ಹೊಡೆಯುವುದೆಂದರೆ ಒಬ್ಬನ ಸಾಲಕ್ಕೆ ಇನ್ನೊಬ್ಬನ ಮನೆ ಜಪ್ತಿ ಮಾಡಿದ ಹಾಗೆ. ನಮ್ಮ ಗೋಂಕುರು ಕಪ್ಪೆ ಮನುಷ್ಯನಿಗೆ ವಿಷವಲ್ಲ. ವಿಷವಲ್ಲವೆಂಬುದಕ್ಕೆ ಅದರ ದುರ್ದೈವವೇ ಸಾಕ್ಷಿ: ಇದರ ಕಾಲುಗಳು ಹಡಗುಗಟ್ಟಲೆ ಹೊರದೇಶಗಳ ಊಟದ ಮೇಜಿಗೆ ಹೋಗುತ್ತಿದ್ದವು. ಸಂತತಿ ಕುಗ್ಗುವ ಭಯದಿಂದ 1985ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಇದನ್ನು ಸೇರಿಸಿದರು. 1987ರಲ್ಲಿ ಭಾರತ ಸರ್ಕಾರ ಕಪ್ಪೆಕಾಲಿನ ರಫ್ತನ್ನೇ ನಿಲ್ಲಿಸಿತು. ಇನ್ನೊಂದು ಕಡೆ, ಯಾರ ಕಣ್ಣಿಗೂ ಬೀಳದ ಮಣ್ಣುಬಣ್ಣದ ನೆಲಗಪ್ಪೆಯ ಕಣ್ಣಿನ ಹಿಂದಿನ ಗಂಟುಗಳಲ್ಲಿ ನಿಜವಾದ ವಿಷವಿದೆ; ಕಚ್ಚಿದ ನಾಯಿ ನೊರೆ ಕಾರುತ್ತದೆ. ಮಂಕುಬಣ್ಣದ್ದು ಸಾಧುವೆಂದೂ ಹೊಳೆಯುವುದು ವಿಷವೆಂದೂ ನಂಬಿದವನು ನಮ್ಮ ಅಂಗಳದಲ್ಲಿ ಎರಡು ಸಲ ಮೋಸ ಹೋಗುತ್ತಾನೆ.

ಗೋಂಕುರು ಕಪ್ಪೆಗಳು ಒಂದೆಡೆ ಸೇರುವುದು ವರ್ಷದಲ್ಲಿ ಕೆಲವೇ ರಾತ್ರಿ. ಆ ರಾತ್ರಿ ತಗ್ಗಿನಲ್ಲಿ ಬಿದ್ದ ಕಲ್ಲು ಒಂದು ಕಪ್ಪೆಯನ್ನು ಮಾತ್ರ ಕೊಲ್ಲುವುದಿಲ್ಲ, ಆ ವರ್ಷದ ಗೊದಮೊಟ್ಟೆಗಳನ್ನೂ ಕೊಲ್ಲುತ್ತದೆ. ಗದ್ದೆಯ ಹುಳುಗಳನ್ನು ತಿನ್ನಬೇಕಾಗಿದ್ದ ಬಾಯಿಗಳನ್ನೂ ಕಳೆಯುತ್ತದೆ. ಕೆರೆಯ ಹಿಂದಲ ತಗ್ಗುಗಳಿಗೆ ಮಣ್ಣು ತುಂಬಿ ಸಮ ಮಾಡಿದರೂ ಇದೇ ಫಲ. ಆ ನೀರು ಯಾರಿಗೂ ಬೇಡದ ನೀರೆಂದು ನಮಗೆ ತೋರಬಹುದು. ಗೋಂಕುರು ಕಪ್ಪೆಗೆ ಅದೇ ಮದುವೆಯ ಚಪ್ಪರ.

ಬಣ್ಣವೆಂಬುದು ಕಪ್ಪೆಯ ಹೆಸರಲ್ಲ. ಅದು ಆ ಹೊತ್ತಿನ ಸುದ್ದಿ ಎಂಬುದು ನಾನು ಇಷ್ಟರಿಂದ ಕಲಿತ ಪಾಠ. ಹಗಲೋ ರಾತ್ರಿಯೋ, ಗೋಡೆಯೋ ಮೂಲೆಯೋ, ಗಂಡೋ ಹೆಣ್ಣೋ, ಮಳೆಯೋ ಸುಗ್ಗಿಯೋ ಎಂಬುದನ್ನು ಬಣ್ಣ ಹೇಳುತ್ತದೆ. ಅದು ಯಾವ ಕಪ್ಪೆಯೆಂದು ತಿಳಿಯಬೇಕಾದರೆ ಹತ್ತಿರ ಕುಳಿತು ಹೆಚ್ಚು ಹೊತ್ತು ನೋಡಬೇಕು. ಹೋದ ವರ್ಷ ಟಾರ್ಚು ಹಿಡಿದು ಹೋದಾಗ ನನ್ನ ಹಿಂದೆ ನಮ್ಮ ಬೀದಿಯ ನಾಲ್ಕು ಹುಡುಗರೂ ಬಂದಿದ್ದರು. ಒಬ್ಬನ ಕೈಯಲ್ಲಿ ಕಲ್ಲಿತ್ತು. ನಾನು ಬೈಯಲಿಲ್ಲ, ಬೈಯುವ ಅಧಿಕಾರ ನನಗಿರಲಿಲ್ಲ. ಅಜ್ಜಿಯ ಪ್ರಶ್ನೆಯನ್ನೇ ಅವನಿಗೆ ಕೇಳಿದೆ: 'ಈ ಹಳದಿ ಕಪ್ಪೆಗೆ ಹೆಣ್ಣೆಲ್ಲಿ ಹೇಳು ನೋಡೋಣ?' ಅವನು ನೀರಿನ ಕಡೆ ಬಗ್ಗಿ ಹುಡುಕತೊಡಗಿದ. ಹುಡುಕಲು ಎರಡು ಕೈಯೂ ಬೇಕಾದುದರಿಂದ ಕಲ್ಲನ್ನು ಕೆಳಗಿಟ್ಟ.